ಓರೆ ಅಕ್ಷರಕ್ಕೆ ಏಣಿ ಹಿಡಿದವಳು

ಜನವರಿ ೧೧

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ಕೇಳಿದರೆ "ಕೈ ತುಂಬ ಬಣ್ಣ ಇದೆ, ಇಡು" ಅನ್ನುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನಾದರೆ ನೀನು ಅರ್ಧಕ್ಕೆ ಬಿಡುವವಳಲ್ಲ.

ನನಗೆ ನಿನ್ನ ಅಕ್ಷರ ಬೇಕು. ಗೋಡೆ ಮೇಲೆ ಬರೆಯುತ್ತೀಯಲ್ಲ, ಆ ಓರೆ ಅಕ್ಷರ. ದಪ್ಪ ಬಿಳಿ ಹಾಳೆಯ ಮೇಲೆ, ನಿನ್ನ ಹಳೆಯ ಚಪ್ಪಟೆ ಬ್ರಷ್ಷಿನಲ್ಲೇ, ವರ್ಣಮಾಲೆ ಪೂರ್ತಿ ಬರೆದು ಕಳಿಸು. ಕಾಗುಣಿತವೂ ಬೇಕು, ಒತ್ತಕ್ಷರಗಳೂ ಬೇಕು. ಚೆನ್ನಾಗಿ ಬರೆಯಬೇಕು ಅಂತ ಉಸಿರು ಬಿಗಿಹಿಡಿದು ಕೂರಬೇಡ. ಬೈಯುವಾಗ ಹೇಗೆ ಬರೆಯುತ್ತೀಯೋ ಹಾಗೇ ಬರಿ.

ಇಲ್ಲಿ ನಮ್ಮ ಕಚೇರಿಯಲ್ಲಿ ನಾವು ಮಾಡುವುದೇ ಅಕ್ಷರ. ಪುಸ್ತಕಕ್ಕೆ, ಪೇಪರಿಗೆ, ಫೋನಿನ ತೆರೆಗೆ ಬೇಕಾದ ಫಾಂಟುಗಳು. ಸೇರಿದಾಗಿನಿಂದ ನಾನು ಬೇರೆಯವರು ಮಾಡಿದ ಅಕ್ಷರಗಳ ನಡುವಿನ ಸಂದು ಸರಿಪಡಿಸುತ್ತ ಕೂತಿದ್ದೇನೆ. 'ಕ'ದ ಪಕ್ಕ ಇಷ್ಟು ಜಾಗ, 'ಲ'ದ ಪಕ್ಕ ಅಷ್ಟು. ಕಿಟಕಿ ಪಕ್ಕದ ಮೇಜುಗಳೆಲ್ಲ ಸ್ವಂತ ಫಾಂಟು ಮಾಡಿದವರಿಗೆ. ನನ್ನ ಮೇಜು ಝೆರಾಕ್ಸ್ ಯಂತ್ರದ ಹಿಂದೆ. ಮೊನ್ನೆ ಊಟದ ಹೊತ್ತಿನಲ್ಲಿ ನನ್ನ ಫೋನಿನಲ್ಲಿದ್ದ ನಿನ್ನ ಗೋಡೆಯ ಚಿತ್ರ ಕಚೇರಿಯ ಯಜಮಾನರ ಕಣ್ಣಿಗೆ ಬಿತ್ತು. ತುತ್ತು ಕೈಯಲ್ಲೇ ಹಿಡಿದು ನಿಂತರು. "ಯಾರ ಕೈ ಇದು?" ಅಂದರು. "ನಮ್ಮ ಮನೆಯದು" ಅಂದೆ.

ಮಾರುವುದಕ್ಕೇನೂ ಅಲ್ಲ. ನಾಳೆ ಯಾರೋ ಸುಣ್ಣ ಹೊಡೆದರೆ ಹೋಗಿಬಿಡುವ ಅಕ್ಷರ. ಎಲ್ಲಾದರೂ ಒಂದು ಕಡೆ ಉಳಿಯಲಿ ಅಂತ ಅಷ್ಟೆ. ಅಪ್ಪನ ಕೈ ಅದು. ನಮ್ಮಿಬ್ಬರ ನಂತರ ಯಾರಿಗೆ ಬರುತ್ತದೆ?

ನಿನ್ನ ಪುಟ್ಟಿ

*

ಜನವರಿ ೨೪

ಪುಟ್ಟಿಗೆ,

ಹಾಳೆ ಕಳಿಸಿದ್ದೇನೆ. ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿದ್ದೇನೆ, ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಡ.

ಒಂದು ತಪ್ಪು ಬರೆದಿದ್ದೀಯ. ಅಪ್ಪನ ಕೈ ಅಲ್ಲ ಅದು. ಅಪ್ಪನ ಅಕ್ಷರ ಕಾವಲುಗಾರನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಕಾರ್ಖಾನೆ ಗೇಟಿನ ಮೇಲಿನ ಹೆಸರು ನೋಡು, ಇವತ್ತಿಗೂ ಒಂದು ಕೂದಲೆಳೆ ಆಚೀಚೆ ಇಲ್ಲ. ಓರೆ ನನ್ನದು. ಎಲ್ಲಿಂದ ಬಂತು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೇಟಿನ ಎದುರು ನೀರಿನ ಟ್ಯಾಂಕಿನ ಗೋಡೆ, ಗೋಡೆಯ ಬುಡಕ್ಕೆ ಚರಂಡಿ. ಏಣಿ ಇಡಲು ಇದ್ದದ್ದು ಒಂದು ಮೂಲೆಯಷ್ಟೇ. ಅಲ್ಲಿಂದ ಪೂರ್ತಿ ಗೋಡೆ ಬರೆಯಬೇಕೆಂದರೆ ಎಡಗೈಯಲ್ಲಿ ಬಣ್ಣದ ಡಬ್ಬಿ ಹಿಡಿದು ಸೊಂಟದಿಂದ ಆಚೆಗೆ ವಾಲಬೇಕು. ನೀನು ಎರಡೂ ಕಾಲು ಊರಿ ಬುಡದಲ್ಲಿ ನಿಂತು, "ಇನ್ನೂ ಬಾಗಕ್ಕ, ನಾನಿದ್ದೀನಿ" ಅನ್ನುತ್ತಿದ್ದೆ. ನಾನು ಬಾಗಿದ ಕಡೆಗೆ ಅಕ್ಷರವೂ ಬಾಗಿತು. ಆಮೇಲೆ ನೆಲದ ಮೇಲೆ ಕೂತು ಬರೆದರೂ ಹಾಗೇ ಬಂತು. ಮೈ ಅದನ್ನು ಮರೆಯಲಿಲ್ಲ.

ಇಲ್ಲಿ ಸುದ್ದಿ ಅಂದರೆ ಬೀಗದ ಸುದ್ದಿ. ಹೊಲಿಗೆ ಮಹಡಿಯ ಹಿಂಬಾಗಿಲಿಗೆ ಪಾಳಿ ಮುಗಿಯುವ ತನಕ ಹೊರಗಿನಿಂದ ಬೀಗ ಜಡಿಯುತ್ತಾರೆ. ಹೆಂಗಸರು ಬಟ್ಟೆ ಕದ್ದು ಒಯ್ಯುತ್ತಾರಂತೆ. ಹೋದ ತಿಂಗಳು ಇಸ್ತ್ರಿ ಮೇಜಿನ ತಂತಿ ಸುಟ್ಟು ಮಹಡಿ ತುಂಬ ಹೊಗೆ ಆಯಿತು. ಇದ್ದಬದ್ದವರೆಲ್ಲ ಒಂದೇ ಮೆಟ್ಟಿಲಿಗೆ ನುಗ್ಗಿದರು. ಯಾರೂ ಸಾಯಲಿಲ್ಲ, ಅದೃಷ್ಟ. "ಸಾಯಲಿಲ್ಲವಲ್ಲ, ಮತ್ತೇನು?" ಅಂದನಂತೆ ಮ್ಯಾನೇಜರು. ಬೀಗ ತೆಗೆಯದಿದ್ದರೆ ಸೂಜಿ ಮುಟ್ಟುವುದಿಲ್ಲ ಎಂದು ನಮ್ಮ ಸಂಘ ಹೇಳಿದೆ.

ಸಂಘದ ಮುಂದಾಳು ಈಗ ಕಾಜಾ. ಅಂಗಿಯ ಗುಂಡಿತೂತಿಗೆ ಕಾಜಾ ಹಾಕುವ ಯಂತ್ರದವಳು. ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುವುದಿಲ್ಲ. ನಿನ್ನನ್ನು ಕೇಳಿದಳು. "ನಿನ್ನ ತಂಗಿ ಪೇಟೇಲಿ ಅಕ್ಷರ ಮಾಡ್ತಾಳಂತೆ? ಇರೋ ಅಕ್ಷರ ಸಾಲ್ದೇನೇ?" ಅಂದಳು. ನಮ್ಮ ಪದ್ಧತಿ ನಿನಗೆ ನೆನಪಿರಬೇಕು. ಹಿಂದೊಮ್ಮೆ ಮಾಲೀಕರು ಸಂಘದ ಹೆಸರಿನಲ್ಲಿ ಸುಳ್ಳು ಕರಪತ್ರ ಅಚ್ಚು ಹಾಕಿಸಿ ಹಂಚಿದರಲ್ಲ, ಆವತ್ತೇ ಹೆಂಗಸರು ಗೇಟಿನ ಮುಂದೆ ನಿಂತು ತೀರ್ಮಾನ ಮಾಡಿದ್ದು: ಅಚ್ಚಾದದ್ದನ್ನು ನಂಬುವುದಿಲ್ಲ, ಅಕ್ಕನ ಕೈ ಕಂಡರೆ ಮಾತ್ರ ನಂಬುವುದು. ಈಗಲೂ ಅದೇ. ಮುಷ್ಕರಕ್ಕೆ ಕರೆದರೂ ನನ್ನ ಬ್ರಷ್ಷು, ಮುಗಿಸಿದರೂ ನನ್ನ ಬ್ರಷ್ಷು. ಓದು ಬಾರದವರೂ ದೂರದಿಂದ ವಾಲು ನೋಡಿಯೇ "ಅಕ್ಕ ಬರೆದದ್ದು" ಅನ್ನುತ್ತಾರೆ.

ನೀನು ಆಗ ಚಿಕ್ಕವಳು. ಅಪ್ಪನ ಪಕ್ಕ ನಿಂತು ಚಪ್ಪಾಳೆ ತಟ್ಟಿದ್ದೆ.

ಅಕ್ಕ

*

ಫೆಬ್ರವರಿ ೬

ಅಕ್ಕ,

ಹಾಳೆಗಳನ್ನು ಉದ್ದ ಮೇಜಿನ ಮೇಲೆ ಹರಡಿದಾಗ ಇಡೀ ಕಚೇರಿ ಬಂದು ಸುತ್ತ ನಿಂತಿತು. ನಿನ್ನ 'ಅ'ದ ಬಾಲವನ್ನು ಯಜಮಾನರು ಗಾಳಿಯಲ್ಲಿ ಬೆರಳಾಡಿಸಿ ಬರೆದು ನೋಡಿದರು. "ತಲಕಟ್ಟು ಎಷ್ಟು ಹಗುರ" ಅಂದರು. ನನ್ನನ್ನು ಕಿಟಕಿ ಪಕ್ಕದ ಮೇಜಿಗೆ ಕೂರಿಸಿದ್ದಾರೆ, ತಾತ್ಕಾಲಿಕವಾಗಿ.

ಇನ್ನೊಂದು ಕಷ್ಟ ಕೊಡುತ್ತೇನೆ, ಬೈಯಬೇಡ. ಪ್ರತಿ ಅಕ್ಷರವನ್ನೂ ಮೂರು ಥರ ಬರೆದು ಕಳಿಸುತ್ತೀಯಾ? ಒಂದೇ ಪದದಲ್ಲಿ ಎರಡು 'ಲ' ಬಂದರೆ ಎರಡೂ ಅಚ್ಚು ಹೊಯ್ದ ಹಾಗೆ ಒಂದೇ ಥರ ಕಂಡರೆ ಜೀವ ಇರುವುದಿಲ್ಲ. ಮೂರು ಇದ್ದರೆ ಸರದಿಯ ಮೇಲೆ ಒಂದೊಂದು ಬರುವ ಹಾಗೆ ಮಾಡಬಹುದು. ಯಂತ್ರದ್ದು ಅಂತ ಯಾರಿಗೂ ಗೊತ್ತಾಗಬಾರದು. ಅಂಕಿಗಳನ್ನೂ ಸೇರಿಸು.

ಬೀಗದ ವಿಷಯ ಓದಿ ಬೇಸರವಾಯಿತು. ಹುಷಾರು. ನೀನು ಎಲ್ಲದಕ್ಕೂ ಮುಂದೆ ಹೋಗಿ ನಿಲ್ಲಬೇಡ.

ಪುಟ್ಟಿ

*

ಫೆಬ್ರವರಿ ೨೦

ಪುಟ್ಟಿಗೆ,

ಮೂರು ಥರ ಅಂದೆ, ಬರೆದೆ. ಉಳಿಸಿಡುವುದಕ್ಕೆ ಒಂದು ಸಾಲದೆ ಅಂತ ಕೇಳಬೇಕೆಂದುಕೊಂಡೆ. ನೀನು ಓದಿದವಳು, ಏನೋ ಕಾರಣ ಇರುತ್ತದೆ ಅಂತ ಸುಮ್ಮನಾದೆ. ಮೂರನೆಯ 'ಳ' ಕೆಟ್ಟಿದೆ. ಬ್ರಷ್ಷಿನ ಕೂದಲೊಂದು ಎದ್ದು ಅದರ ಹೊಟ್ಟೆಯಲ್ಲಿ ಗೀರು ಬಿದ್ದಿದೆ. ಇನ್ನೊಂದು ಬರೆಯಲು ಹಾಳೆ ಇರಲಿಲ್ಲ, ನೀನೇ ತಿದ್ದಿಕೋ.

ನಿನ್ನೆಯಿಂದ ಮುಷ್ಕರ. ಯಂತ್ರಗಳು ನಿಂತಿವೆ. ಟ್ಯಾಂಕಿನ ಗೋಡೆಯ ಮೇಲೆ "ಹಿಂಬಾಗಿಲ ಬೀಗ ತೆಗೆಯಿರಿ" ಎಂದು ಆಳೆತ್ತರ ಬರೆದಿದ್ದೇನೆ. ಮ್ಯಾನೇಜರು ಕಿಟಕಿಯ ಪರದೆ ಎಳೆದುಕೊಂಡ. ಕಾಜಾ ಕೆಳಗಿನಿಂದ ಕೂಗಿದಳು, "ಅಕ್ಕ, ಪರದೆ ಮೇಲೂ ಒಂದು ಬರೆದುಬಿಡು, ಒಳಗಿನವನಿಗೆ ಕಾಣ್ಲಿ." ಹೆಂಗಸರು ನಕ್ಕ ನಗುವಿಗೆ ಗೇಟಿನ ಕಾವಲಿನವನೂ ನಕ್ಕ. ಬಡಪಾಯಿ, ಅವನ ಹೆಂಡತಿಯೂ ಅದೇ ಮಹಡಿಯಲ್ಲಿ ಹೊಲಿಯುವವಳು.

ಒಂದು ದಿನಕ್ಕಾದರೂ ಬಂದು ಹೋಗು. ಈಗ ಏಣಿ ಹಿಡಿಯಲು ಯಾರ್ಯಾರೋ ಬರುತ್ತಾರೆ. ಹಿಡಿಯುತ್ತಾರೆ, ಆದರೆ ಮಾತಿಗೆ ನಿಂತುಬಿಡುತ್ತಾರೆ.

ಅಕ್ಕ

*

ಏಪ್ರಿಲ್ ೨

ನನ್ನ ಮುದ್ದಿನ ಅಕ್ಕ,

ತಡವಾಯಿತು, ಕ್ಷಮಿಸು. ಉಸಿರಾಡಲು ಬಿಡುವಿರಲಿಲ್ಲ. ನಿನ್ನ ಅಕ್ಷರ ಈಗ ಫಾಂಟು. 'ಬಳುಕು' ಅಂತ ಹೆಸರಿಟ್ಟಿದ್ದೇವೆ. ಬಿಡುಗಡೆಯ ದಿನ ಗೋಡೆ ತುಂಬ ಅದೇ. ನೀನು ನೋಡಬೇಕಿತ್ತು.

ಎಲ್ಲೆಲ್ಲಿ ಬಳಸುತ್ತಿದ್ದಾರೆ ಗೊತ್ತಾ? ಮದುವೆ ಕರೆಯೋಲೆ. ಅತ್ತರಿನ ಸೀಸೆ. ಒಂದು ದೊಡ್ಡ ಹೋಟೆಲಿನ ತಿಂಡಿಪಟ್ಟಿಯ ಮೊದಲ ಪುಟ. ಕವನ ಸಂಕಲನದ ಮುಖಪುಟ, ಬಂಗಾರದಂಗಡಿಯ ಹಲಗೆ. ಹೇಗೆ ಬಳಸಬೇಕು ಅಂತ ನಾನೇ ಸೂಚನೆ ಬರೆದೆ: ಉದ್ದ ಬರಹಕ್ಕೆ ಬೇಡ, ಕಣ್ಣು ದಣಿಯುತ್ತದೆ, ಒಂದೇ ಸಾಲು, ದೊಡ್ಡದಾಗಿ, ಸುತ್ತ ಧಾರಾಳ ಜಾಗ ಬಿಟ್ಟು, ಪಕ್ಕದಲ್ಲಿ ನೆಟ್ಟಗಿನ ಸಾದಾ ಅಕ್ಷರ ಇದ್ದರೆ ಇದರ ಸೊಗಸು ಏಳುತ್ತದೆ. ಸ್ವಾಗತ, ವಂದನೆ, ಪ್ರೀತಿ, ಹೀಗೆ ಮೆಲ್ಲಗೆ ಹೇಳುವ ಮಾತಿಗೆ ಮಾತ್ರ. ಆ 'ಳ'ದ ಗೀರನ್ನು ತಿದ್ದಲಿಲ್ಲ. ಅದೇ ಚೆಂದ ಅಂದರು ಯಜಮಾನರು, ಅದರಿಂದಲೇ ಕೈಬರಹ ಅಂತ ನಂಬಿಕೆ ಬರುತ್ತದಂತೆ.

ಮೊನ್ನೆ ಒಂದು ದೊಡ್ಡ ಕಂಪನಿಯವರ ಮುಂದೆ ನಾನೇ ನಿಂತು ಮಾತಾಡಿದೆ. ಆಮೇಲೆ ನಿನ್ನ ಕಥೆ ಶುರುಮಾಡಿದೆ ನೋಡು, ಎಲ್ಲರೂ ಕಾಫಿ ಲೋಟ ಕೆಳಗಿಟ್ಟು ಕೇಳಿದರು. ಮೇಜು ಈಗ ಖಾಯಂ ಆಗಿ ನನ್ನದು. ಕಿಟಕಿಯಿಂದ ಒಂದು ಮರ ಕಾಣುತ್ತದೆ.

ನಿಮ್ಮ ಗಲಾಟೆ ಮುಗಿಯಿತಾ?

ಪುಟ್ಟಿ

*

ಏಪ್ರಿಲ್ ೧೯

ಅಕ್ಕ,

ಉತ್ತರ ಇಲ್ಲ. ಫೋನು ಎತ್ತುವುದಿಲ್ಲ. ಯಾಕೆ ಅಂತ ನನಗೆ ಗೊತ್ತು. ಫಾಂಟಿನ ಜೊತೆ ನನ್ನ ಹೆಸರಿದೆ, ನಿನ್ನದಿಲ್ಲ. ಯಾರಾದರೂ ತೋರಿಸಿರಬೇಕು.

ಅದು ಕಚೇರಿಯ ರೀತಿ ಅಕ್ಕ. ಮಾಡಿದವರು ಅಂತ ಒಬ್ಬರ ಹೆಸರು ಬೇಕೇ ಬೇಕು, ಅವರು ಇಲ್ಲಿ ಕೆಲಸ ಮಾಡುವವರಾಗಿರಬೇಕು. ನಾನು ಬರೀ ನಕಲು ತೆಗೆದೆ ಅಂತ ತಿಳಿಯಬೇಡ. ನಿನ್ನ ಕೈ ನಿಜ. ಆದರೆ ಒಂದೊಂದು ಅಕ್ಷರವೂ ಇನ್ನೊಂದರ ಪಕ್ಕ ಕೂತಾಗ ಮುಗ್ಗರಿಸದ ಹಾಗೆ, ಒತ್ತಕ್ಷರ ಕೆಳಗಿನ ಸಾಲಿಗೆ ಬಡಿಯದ ಹಾಗೆ ಕಣ್ಣು ಕೆಡಿಸಿಕೊಂಡು ನೋಡಿದವಳು ನಾನು. ಗೋಡೆಯಲ್ಲಿ ನಿನಗೆ ಜಾಗ ಸಾಲದೆ ಹೋದರೆ ಕೊನೆಯ ಅಕ್ಷರ ಸಣ್ಣದು ಮಾಡಿ ತುರುಕುತ್ತೀಯ. ಇಲ್ಲಿ ಹಾಗೆ ನಡೆಯುವುದಿಲ್ಲ.

ಮುಂದಿನ ಸಲ ನಿನ್ನ ಹೆಸರನ್ನೂ "ಪ್ರೇರಣೆ" ಅಂತ ಹಾಕಿಸುತ್ತೇನೆ. ಸರಿಯಾ?

ಪುಟ್ಟಿ

*

ಮೇ ೪

ಅಕ್ಕ,

ನಿನ್ನ ಮುನಿಸು ನಿನಗೆ ಸಲ್ಲಲಿ. ಹೊಟ್ಟೆಕಿಚ್ಚು ಅಂತ ಅನ್ನಬಾರದು ಅಂದುಕೊಂಡೇ ಇಷ್ಟು ದಿನ ಸುಮ್ಮನಿದ್ದೆ. ನೀನು ಬರೆದದ್ದು ಮಳೆ ಬಂದರೆ ಅಳಿಸುತ್ತಿತ್ತು. ನಾನು ಅದನ್ನು ಉಳಿಯುವ ಹಾಗೆ ಮಾಡಿದೆ. ಅದು ತಪ್ಪಾ?

ಒಂದು ಸಾಲು ಬರಿ. ಬೈದಾದರೂ ಬರಿ.

*

ಮೇ ೯

ತಂಗಿಗೆ,

ಬೈದು ಬರಿ ಅಂದೆ. ಬೈಗುಳಕ್ಕೆ ಆ ಅಕ್ಷರ ಒಗ್ಗುವುದಿಲ್ಲ ಅಂತ ನೀನೇ ಸೂಚನೆ ಬರೆದಿದ್ದೀಯಲ್ಲ. ಆದ್ದರಿಂದ ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಿನ್ನ ಹೆಸರಿನ ಚಿಂತೆ ನನಗಿಲ್ಲ. ಗೋಡೆಯ ಮೇಲೆ ನಾನು ಯಾವತ್ತು ಹೆಸರು ಹಾಕಿದ್ದೆ?

ನಿನ್ನ 'ಬಳುಕು' ಕಾಗದ ಬಂದ ಮರುದಿನ ನಾನು ಊರಲ್ಲಿರಲಿಲ್ಲ. ನಿನಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ: ಬಲಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಮೂರು ಥರ ಅಂದೆಯಲ್ಲ, ಆ ಮೂರನೆಯದನ್ನು ಬರೆಯುವಾಗಲೇ ಒಳಗೆ ಏನೋ ಹರಿದ ಹಾಗಾಯಿತು, ಟ್ಯಾಂಕಿನ ಗೋಡೆ ಬರೆದ ಮೇಲೆ ಪೂರ್ತಿ ಬಿಗಿಯಿತು. ಮುಷ್ಕರದ ನಡುವೆ ಗೋಡೆ ಬರೆಯುವವಳ ಕೈ ಬಿದ್ದಿದೆ ಅಂದರೆ ಹೆಂಗಸರ ಎದೆ ಒಡೆಯುತ್ತದೆ ಅಂತ, ಕದ್ದು ಪಕ್ಕದ ಪಟ್ಟಣದ ಆಸ್ಪತ್ರೆಗೆ ಹೋಗಿದ್ದೆ. ಅದರ ಹಿಂದಿನ ಸಂಜೆಯೇ ಕಾಜಾ ಮತ್ತು ಸಂಘದ ಸಮಿತಿಯವರನ್ನು ಮಾತುಕತೆಗೆ ಅಂತ ಕಂಪನಿ ಬೇರೆ ಊರಿಗೆ ಕರೆಸಿಕೊಂಡಿತ್ತು. ಮರುದಿನ ಮಧ್ಯಾಹ್ನದ ತನಕ ಒಂದು ಖಾಲಿ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರಂತೆ. ಯಾರೂ ಮಾತಿಗೆ ಬರಲಿಲ್ಲವಂತೆ.

ಇತ್ತ ಬೆಳಗಾಗುವಷ್ಟರಲ್ಲಿ ಗೇಟಿನ ಮೇಲೆ, ಚಹಾದಂಗಡಿಯ ಬಾಗಿಲಿಗೆ, ನಮ್ಮ ಓಣಿಯ ಕಂಬಗಳಿಗೆ ಒರಟು ಕಂದು ಹಾಳೆ ಅಂಟಿಸಿದ್ದರು. ಕಪ್ಪು ಅಕ್ಷರ. ನನ್ನ ಕೈ.

"ಗೆಳತಿಯರೇ, ಮಾತುಕತೆ ಮುಗಿದಿದೆ. ಹಿಂಬಾಗಿಲ ಬೀಗ ತೆಗೆಯಲು ಒಪ್ಪಿದ್ದಾರೆ. ಬೆಳಿಗ್ಗೆಯ ಪಾಳಿಗೆ ಎಲ್ಲರೂ ಕೆಲಸಕ್ಕೆ ಬನ್ನಿ."

ಯಾಕೆ ನಂಬಬಾರದು ಅವರು? ಮಾತುಕತೆಗೆ ಹೋದದ್ದು ನಿಜ. ಅಕ್ಕನ ಅಕ್ಷರ ನಿಜ. ಒಬ್ಬರನ್ನೊಬ್ಬರು ತಬ್ಬಿಕೊಂಡರಂತೆ. ಮುದುಕಿಯೊಬ್ಬಳು ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡಳಂತೆ. ನಗುತ್ತ ಒಳಗೆ ಹೋದರು. ಹೋದಮೇಲೆ ಹಿಂಬಾಗಿಲಿಗೆ ಬೀಗ ಬಿತ್ತು, ಗೇಟಿಗೂ ಬಿತ್ತು. ಒಳಗೆ ಒಬ್ಬೊಬ್ಬರನ್ನೇ ಕರೆದು, ಇನ್ನು ಮುಷ್ಕರ ಮಾಡುವುದಿಲ್ಲ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆಯೇ ಯಂತ್ರದ ಮುಂದೆ ಕೂರಿಸಿದರು. ಸಮಿತಿಯವರು ವಾಪಸು ಬಂದಾಗ ಗೇಟಿನ ಹೊರಗೆ ಅವರಷ್ಟೇ ಉಳಿದಿದ್ದರು. ಅವರಿಗೆ ಕೆಲಸ ಇಲ್ಲ ಅಂತ ಕಾವಲಿನವನು ನೆಲ ನೋಡುತ್ತ ಹೇಳಿದ.

ನಾನು ಬಸ್ಸಿಳಿದು ಓಣಿಗೆ ಬಂದೆ. ಯಾರೂ ಮಾತಾಡಲಿಲ್ಲ. ಕಂಬದ ಮೇಲೆ ನನ್ನ ಅಕ್ಷರ ನಾನೇ ಓದಿದೆ. ಒಂದು ಗಳಿಗೆ, ನಂಬು ಬಿಡು, ನಾನೇ ಯಾವಾಗಲೋ ಬರೆದೆನೇನೋ ಅನ್ನಿಸಿತು. ಬೆರಳಿಟ್ಟು ಸವರಿದೆ. ಬಣ್ಣ ಕೈಗೆ ಸಿಗಲಿಲ್ಲ. ಬ್ರಷ್ಷಿನಲ್ಲಿ ಬರೆದರೆ ಗೆರೆಯ ಅಂಚು ಬೆರಳಿಗೆ ತಾಗುತ್ತದೆ. ಇದಕ್ಕೆ ಅಂಚೇ ಇರಲಿಲ್ಲ, ಬರೀ ಹಾಳೆ ತಾಗಿತು. ಆಮೇಲೆ "ಪಾಳಿಗೆ" ಅನ್ನುವ ಪದ ನೋಡಿದೆ. ಆ 'ಳ'ದ ಹೊಟ್ಟೆಯಲ್ಲಿ ಗೀರು. ಪಕ್ಕದ ಕಂಬದ ಹಾಳೆಯಲ್ಲೂ ಅದೇ ಜಾಗದಲ್ಲಿ ಅದೇ ಗೀರು. ಅದರಾಚೆಯ ಕಂಬದಲ್ಲೂ.

ಕಾಜಾ ಮನೆಗೆ ಬಂದಳು. ಕೂರಲಿಲ್ಲ.

"ಏನು ಕೊಟ್ರು ಅಕ್ಕ ನಿಂಗೆ?"

"ನಾನು ಬರೆದಿದ್ದಲ್ಲ ಕಣೇ."

"ನಿನ್ ಕೈ ನಂಗೆ ಗೊತ್ತಿಲ್ವಾ?"

"ನನ್ ಕೈನ ಯಂತ್ರ ಕಲ್ತಿದೆ."

"ಯಂತ್ರಕ್ಕೆ ಕಲಿಸಿದ್ದು ಯಾರು?"

ಏನಂತ ಹೇಳಲಿ? ನನ್ನ ತಂಗಿ ಅನ್ನಲೆ? ಇನ್ನೂ ಅಷ್ಟು ಮರ್ಯಾದೆ ನಿನ್ನ ಪಾಲಿಗೆ ಉಳಿಸಿಕೊಂಡಿದ್ದೆ. ಅವಳು ಹೊರಗೆ ಒರಗಿಸಿಟ್ಟಿದ್ದ ಏಣಿ ಎತ್ತಿಕೊಂಡು ಹೋದಳು. "ಇದು ಸಂಘದ್ದು" ಅಂದಳು.

ಇಷ್ಟರ ಮೇಲೂ ನಾನು ಅಂದುಕೊಂಡದ್ದು ಏನು ಗೊತ್ತಾ? ಪಾಪ, ಹುಡುಗಿಗೆ ತಿಳಿಯದು, ಕಚೇರಿಯವರು ಯಾರಿಗೋ ಮಾರಿದ್ದಾರೆ, ಅದು ಸುತ್ತಿ ಬಳಸಿ ಇಲ್ಲಿಗೆ ಬಂದಿದೆ. ಹಾಗಂತ ಎದೆಗೆ ಸಮಾಧಾನ ಹೇಳಿಕೊಂಡು ಗೇಟಿಗೆ ಹೋಗಿ ಮ್ಯಾನೇಜರನನ್ನು ಕೇಳಿದೆ. ಅವನು ಸಿಟ್ಟಾಗಲಿಲ್ಲ. ಕೈ ಮುಗಿದ.

"ನಿಮ್ಮ ತಂಗಿಯವರಿಗೆ ನನ್ನ ವಂದನೆ ತಿಳಿಸಿ. ನಮ್ಮ ಹೆಣ್ಣುಮಕ್ಕಳು ಯಾವ ಅಕ್ಷರ ನಂಬ್ತಾರೆ, ಯಾಕೆ ನಂಬ್ತಾರೆ, ಎಷ್ಟು ಚೆನ್ನಾಗಿ ವಿವರಿಸಿದ್ರಂತೆ. ನಮ್ಮ ದೊಡ್ಡವರು ಕೇಳಿ ಮೂಕರಾಗ್ಬಿಟ್ರಂತೆ."

ಕಾಫಿ ಲೋಟ ಕೆಳಗಿಟ್ಟು ಕೇಳಿದವರು ಇವರೇ ಅಲ್ಲವೆ?

ಸುಂದರ, ಸೊಗಸು, ಬಳುಕು. ನನ್ನ ಸೊಂಟದ ನೋವಿಗೆ ನೀವು ಇಟ್ಟ ಹೆಸರು ಇದು. ಆ ವಾಲಿನಲ್ಲಿ ನಾನು ಒಂದು ಸಲವೂ ಸ್ವಾಗತ ಬರೆದವಳಲ್ಲ, ವಂದನೆ ಬರೆದವಳಲ್ಲ. ಕೊಡಿ, ತೆಗೆಯಿರಿ, ಬಿಡುವುದಿಲ್ಲ, ಇಷ್ಟೇ ಬರೆದದ್ದು. ಅದನ್ನು ಅತ್ತರಿನ ಸೀಸೆಗೆ ಅಂಟಿಸಿದಿರಿ, ಅಂಟಿಸಿಕೊಳ್ಳಿ. ಬಂಗಾರದಂಗಡಿಗೆ ಹಾಕಿದಿರಿ, ಹಾಕಿಕೊಳ್ಳಿ. ಬಡವರು ಒಬ್ಬರನ್ನೊಬ್ಬರು ಗುರುತು ಹಿಡಿಯಲು ಇಟ್ಟುಕೊಂಡಿದ್ದ ಒಂದೇ ಒಂದು ಗುರುತನ್ನು ಬೀಗ ಜಡಿಯುವವನ ಕೈಗೆ ಕೊಟ್ಟೆಯಲ್ಲ, ಯಾವ ಧೈರ್ಯದ ಮೇಲೆ?

ನಿನಗೆ ಒಂದೇ ಪ್ರಶ್ನೆ. ಆ ಕಂಪನಿಯ ಹೆಸರು ಅಪ್ಪ ಬರೆದ ಹೆಸರು. ಗೇಟಿನ ಮೇಲಿದ್ದ ಆ ಹೆಸರು ಓದುತ್ತಲೇ ನೀನು ಅಕ್ಷರ ಕಲಿತವಳು. ಅವರ ಮುಂದೆ ನಿಂತು ಬಾಯಿ ತೆರೆಯುವ ಮೊದಲು, ಅವರು ಯಾರೆಂದು ನಿನಗೆ ಗೊತ್ತಿತ್ತೋ ಇಲ್ಲವೋ?

ಗೊತ್ತಿದ್ದರೂ ಬಾ. ಗೇಟಿನ ಮುಂದೆ ಪಾಳಿ ಬಿಡುವ ಹೊತ್ತಿಗೆ ನಿಂತು, ನಿನ್ನ ಬಾಯಿಂದ ಹೇಳು. ಅಚ್ಚನ್ನು ಅವರು ನಂಬುವುದಿಲ್ಲ, ಈಗ ನನ್ನ ಕೈಯನ್ನೂ ನಂಬುವುದಿಲ್ಲ. ಬಾಯೊಂದು ಉಳಿದಿದೆ.

ಅಕ್ಕ

*

ಮೇ ೨೨

ಅಕ್ಕ,

ನಿನ್ನ ಕಾಗದ ಓದಿದೆ. ಹೆಗಲಿನ ವಿಷಯ ನನಗೇಕೆ ಹೇಳಲಿಲ್ಲ? ಹೇಳಿದ್ದರೆ ಮೂರನೆಯದನ್ನು ಅಲ್ಲಿಗೇ ಬಿಡು ಅನ್ನುತ್ತಿದ್ದೆ.

ನನ್ನ ಮಾತನ್ನೂ ಕೇಳು. ಸಿಬ್ಬಂದಿಗೆ ಶುಭಾಶಯ ಪತ್ರ, ಸೂಚನಾ ಫಲಕ, ಇಂಥದಕ್ಕೆ ಅಂತ ಅವರು ಹೇಳಿದ್ದು. "ನಮ್ಮ ಕೆಲಸಗಾರರಿಗೆ ಆಪ್ತ ಅನ್ನಿಸುವ ಅಕ್ಷರ ಬೇಕು" ಅಂದರು. ಆಪ್ತ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಅಂತ ನಿನ್ನ ಕಥೆ ಹೇಳಿದೆ. ಹೆಮ್ಮೆಯಿಂದ ಹೇಳಿದೆ. ಗೊತ್ತಿತ್ತು. ಆದರೆ ಅವರು ಹೀಗೆ ಮಾಡುತ್ತಾರೆ ಅಂತ ಯಾರಿಗೆ ಗೊತ್ತಿತ್ತು? ನಾನು ಬ್ರಷ್ಷು ಮಾಡಿ ಕೊಟ್ಟೆ, ಅದರಲ್ಲಿ ಅವರು ಏನು ಬರೆದರು ಅನ್ನುವುದಕ್ಕೆ ನಾನು ಹೊಣೆಯಾ?

ಬರುವುದು ಈಗ ಆಗುವುದಿಲ್ಲ. ಒಪ್ಪಂದದಲ್ಲಿ ಈ ಅಕ್ಷರ ನಾನೇ ರೂಪಿಸಿದ್ದು ಅಂತ ಸಹಿ ಮಾಡಿದ್ದೇನೆ. ಬೀದಿಯಲ್ಲಿ ನಿಂತು ನಿನ್ನದು ಅಂದರೆ ಇಲ್ಲಿ ನನ್ನ ಮೇಜಷ್ಟೇ ಅಲ್ಲ, ಬಾಗಿಲೂ ಇರುವುದಿಲ್ಲ. ನೀನು ಅಲ್ಲಿ ಒಬ್ಬಳೇ ಅಲ್ಲ ಅಕ್ಕ, ಓಣಿ ತುಂಬ ಜನ ಇದ್ದಾರೆ. ನನಗೆ ಇಲ್ಲಿ ಈ ಮೇಜು ಬಿಟ್ಟರೆ ಏನಿದೆ?

ಆದರೆ ಕೈಕಟ್ಟಿ ಕೂತಿಲ್ಲ. ಈ ಕಾಗದದ ಜೊತೆ ಒಂದು ಸುರುಳಿ ಕಳಿಸಿದ್ದೇನೆ. ಕಚೇರಿಯ ಯಂತ್ರದಲ್ಲೇ, ಎಲ್ಲರೂ ಹೋದಮೇಲೆ ಅಚ್ಚು ಹಾಕಿದ್ದು. "ಗೇಟಿನ ಮೇಲಿನ ಪತ್ರ ಅಕ್ಕ ಬರೆದದ್ದಲ್ಲ, ಅದು ಯಂತ್ರದ ಅಕ್ಷರ" ಅಂತ ಇದೆ. ಬಳುಕಿನಲ್ಲೇ ಹಾಕಿದ್ದೇನೆ. ಅವರು ಆ ಅಕ್ಷರವನ್ನು ಮಾತ್ರ ನಂಬುವುದಲ್ಲವೆ? ಓಣಿಯ ಎಲ್ಲ ಕಂಬಗಳಿಗೂ ಸಾಕಾಗುತ್ತದೆ. ಒಳ್ಳೆಯ ಕಾಗದ.

ನಿನ್ನ ಪುಟ್ಟಿ

*

ಜೂನ್ ೫

ಏಣಿ ಹಿಡಿದಿದ್ದವಳಿಗೆ,

ಸುರುಳಿ ಬಂತು. ಬಿಚ್ಚಿ ಒಂದು ಹಾಳೆ ಗೋಡೆಗೆ ಒರಗಿಸಿ ಎಷ್ಟೋ ಹೊತ್ತು ನೋಡಿದೆ. "ಇದು ಅಕ್ಕ ಬರೆದದ್ದಲ್ಲ" ಅಂತ ನನ್ನದೇ ಅಕ್ಷರದಲ್ಲಿ ಬರೆದು ಕಳಿಸಿದ್ದೀಯ. ನನಗೆ ನಗು ಬಂತು ಕಣೇ. ಎಷ್ಟೋ ದಿನದ ಮೇಲೆ ನಕ್ಕೆ. ಪಕ್ಕದ ಮನೆಯವಳು ಬಂದು ಇಣುಕಿ ಹೋದಳು.

ಅದನ್ನು ಕಂಬಕ್ಕೆ ಅಂಟಿಸಿದರೆ ಏನಾಗುತ್ತಿತ್ತು ಅಂತ ಯೋಚಿಸಿದೆಯಾ? ನೋಡಿ, ಬರೆದದ್ದೂ ಇವಳೇ, ಬರೆದಿಲ್ಲ ಅನ್ನುವವಳೂ ಇವಳೇ ಅನ್ನುತ್ತಿದ್ದರು. ನೀನು ನನ್ನನ್ನು ಉಳಿಸಲು ಹೊರಟರೂ ನನ್ನ ಕತ್ತನ್ನೇ ಹಿಡಿದೆ.

ನಿನ್ನ ಕಾಗದದಲ್ಲಿ "ಗೊತ್ತಿತ್ತು" ಅನ್ನುವ ಮಾತನ್ನು ಎರಡು ಮಾತುಗಳ ಸಂದಿನಲ್ಲಿ ತುರುಕಿದ್ದೀಯ. ಸಂದು ಸರಿಮಾಡುವುದು ನಿನ್ನ ಕಸುಬಲ್ಲವೆ? ಅದಕ್ಕೆ ಸುತ್ತ ಧಾರಾಳ ಜಾಗ ಬಿಡಬೇಕಿತ್ತು.

ಹಾಳೆಗಳ ಹಿಂಬದಿ ಖಾಲಿ ಇತ್ತು. ಒಳ್ಳೆಯ ಕಾಗದ, ನೀನು ಅಂದದ್ದು ನಿಜ. ಮೊನ್ನೆ ಪಾಳಿ ಬಿಡುವ ಹೊತ್ತಿಗೆ ಸುರುಳಿ, ಬ್ರಷ್ಷು, ಬಣ್ಣ ಹಿಡಿದು ಗೇಟಿನ ಎದುರು ಹೋಗಿ, ಚಹಾದಂಗಡಿಯ ಮೇಜು ಎಳೆದುಕೊಂಡು ಕೂತೆ. ಹೆಂಗಸರು ಹೊರಗೆ ಬಂದರು. ಕೆಲವರು ಮುಖ ತಿರುಗಿಸಿದರು. ಒಬ್ಬಳು ಉಗುಳಿದಳು, ಸರಿಯಾಗಿ ನನ್ನ ಕಾಲ ಹತ್ತಿರ. ನಾನು ತಲೆ ಎತ್ತಲಿಲ್ಲ. "ಹಿಂಬಾಗಿಲ ಬೀಗ ತೆಗೆಯಿರಿ" ಅಂತ ಅಪ್ಪನ ಹಾಗೆ ಬರೆಯತೊಡಗಿದೆ, ನೆಟ್ಟಗೆ. ಕೈ ಕೇಳಲಿಲ್ಲ. ಹೆಗಲು ಒಂದು ಕಡೆ ಎಳೆಯುತ್ತದೆ, ಅಭ್ಯಾಸ ಇನ್ನೊಂದು ಕಡೆ ಎಳೆಯುತ್ತದೆ. 'ಹ' ಸೊಟ್ಟಗಾಯಿತು. 'ಬ' ಊದಿಕೊಂಡಿತು. ಒಂದನೇ ತರಗತಿಯ ಮಗು ಬರೆದ ಹಾಗಿತ್ತು.

ಕಾಜಾ ಬಂದು ನಿಂತಳು. ಕೆಲಸ ಹೋದಮೇಲೂ ಅವಳು ದಿನಾ ಗೇಟಿಗೆ ಬರುತ್ತಾಳೆ.

"ಇದೇನು ಹೀಗೆ ಕೆಟ್ಟದಾಗಿ ಬರೀತಿದ್ದೀಯ?"

"ಹೊಸದಾಗಿ ಕಲೀತಿದ್ದೀನಿ."

"ಇದು ನಿಂದೇ ಅಂತ ನಾಳೆ ನಾವು ನಂಬೋದು ಹೇಗೆ?"

"ನಂಬಬೇಡಿ. ಯಾರ ಅಕ್ಷರಾನೂ ನಂಬಬೇಡಿ. ನಾನು ಬರೆಯೋವಾಗ ಬಂದು ನಿಂತು ನೋಡಿ. ನೋಡದೆ ಇರೋದನ್ನ ಹರಿದು ಹಾಕಿ, ನಂದು ಅಂತ ಕಂಡ್ರೂ ಸರಿ."

ಆಗ ನಾನು ಹೇಳಿದೆ. ಓರೆ ಅಕ್ಷರ ಎಲ್ಲಿ ಹೋಯಿತು, ಯಾರು ಕೇಳಿದರು, ಯಾರು ಕೊಟ್ಟರು, ಎಲ್ಲ. ನಿನ್ನ ಪಾಲಿಗೆ ಉಳಿಸಿಕೊಂಡಿದ್ದ ಮರ್ಯಾದೆ ಅಲ್ಲಿಗೆ ಮುಗಿಯಿತು. ಹಾಳೆಯ ಮುಂಬದಿಯನ್ನೂ ತಿರುಗಿಸಿ ತೋರಿಸಿದೆ. ಉಗುಳಿದವಳು ಮುಂದೆ ಬಂದು ಅದರ ಮೇಲೆ ಬೆರಳಿಟ್ಟು ಸವರಿದಳು, ಆಮೇಲೆ ನನ್ನ ಹಸಿ ಬಣ್ಣದ ಮೇಲೆ ಬೆರಳಿಟ್ಟಳು. ಬೆರಳು ಕಪ್ಪಾಯಿತು. ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಹಿಡಿದು ಪಕ್ಕದವಳಿಗೆ ತೋರಿಸಿದಳು.

"ನಿನ್ ತಂಗಿ ಬರ್ತಾಳಾ?" ಅಂತ ಕಾಜಾ ಕೇಳಿದಳು.

"ಇಲ್ಲ" ಅಂದೆ.

ಎಲ್ಲರೂ ಕ್ಷಮಿಸಿದರು ಅಂತ ತಿಳಿಯಬೇಡ. ಅರ್ಧ ಜನ ಈಗಲೂ ಮಾತಾಡುವುದಿಲ್ಲ. ಹೆಬ್ಬೆಟ್ಟು ಒತ್ತಿದವರಿಗೆ ಮತ್ತೆ ನಿಲ್ಲುವುದು ಸುಲಭವಲ್ಲ. ಬೀಗ ಇನ್ನೂ ಇದೆ. ಆದರೆ ನಿನ್ನೆ ಮಧ್ಯಾಹ್ನ ಕಾಜಾ ಏಣಿ ಹೊತ್ತು ತಂದಳು. "ಸಂಘದ್ದು, ಜೋಪಾನ" ಅಂದಳು. ಟ್ಯಾಂಕಿನ ಗೋಡೆಗೆ ಕಂಪನಿಯವರು ಸುಣ್ಣ ಹೊಡೆಸಿದ್ದರು, ಬೆಳ್ಳಗೆ ಚೊಕ್ಕವಾಗಿತ್ತು. ಬಿಡುವಿನ ಹೊತ್ತಿನಲ್ಲಿ ಹೊರಗೆ ಬಂದವರು ಗೋಡೆಯ ಮುಂದೆ ನಿಂತು ನೋಡಿದರು. ನಾನು ಎರಡು ಮೆಟ್ಟಿಲಷ್ಟೇ ಹತ್ತಿದೆ. ಕಾಜಾ ಬುಡ ಹಿಡಿದಳು. "ಬಾಗು, ನಾನು ಹಿಡ್ಕೊಂಡಿದ್ದೀನಿ" ಅಂದಳು.

ಅವಳು ಒಳ್ಳೆಯವಳು. ಬಿಗಿಯಾಗಿಯೇ ಹಿಡಿದಿದ್ದಳು.

ಆ ಓರೆಯನ್ನು ನೀನೇ ಇಟ್ಟುಕೋ. ಕರೆಯೋಲೆಗೆ ಹಾಕು, ಸೀಸೆಗೆ ಹಾಕು, ನನಗಿನ್ನು ಬೇಡ. ಅದು ಕೈಯಿಂದ ಬಂದದ್ದಲ್ಲ ಅಂತ ನಿನ್ನ ಯಜಮಾನರಿಗೆ ಹೇಳು. ಕೆಳಗೆ ನನ್ನ ತಂಗಿ ನಿಂತಿದ್ದಾಳೆ ಅಂತ ನಾನು ಹಿಂದೆ ಮುಂದೆ ನೋಡದೆ ಬಾಗುತ್ತಿದ್ದೆ. ಅಷ್ಟೇ ಅದರ ಸೊಗಸು.

ನಿನ್ನೆ ನಾನು ಬಾಗಲಿಲ್ಲ. ನೆಟ್ಟಗೆ ನಿಂತು, ಕೈಗೆ ಎಟುಕಿದಷ್ಟು ಗೋಡೆಯ ಮೇಲೆ "ಬೀಗ ತೆಗೆಯಿರಿ" ಎಂದು ಬರೆದು ಇಳಿದೆ. ಉಳಿದ ಗೋಡೆ ಖಾಲಿ ಇದೆ.

ಅಕ್ಕ